ಬುತ್ತಿ ಬಿಚ್ಚಿದ ಜಂಕ್ಷನ್

ನಾನು ಹೇಳುವ ಜಂಕ್ಷನ್ನಿಗೆ ಈಗ ಹೋಗಿ ನೋಡಿದರೆ ನಿಮಗೆ ವಿಶೇಷವೇನೂ ಕಾಣುವುದಿಲ್ಲ. ಎತ್ತರಿಸಿದ ಪ್ಲಾಟ್‌ಫಾರ್ಮು, ಸಿಮೆಂಟಿನ ಬೆಂಚು, ಮೇಲೆ ತಗಡಿನ ಮಾಡು. ಬಾಲಾನಗರದ ಕಾರ್ಖಾನೆಗಳಿಗೂ ಅಮೀರ್‌ಪೇಟಿನ ಕೋಚಿಂಗ್ ಸೆಂಟರುಗಳಿಗೂ ನಡುವೆ ಎಲ್ಲೋ ಸಿಕ್ಕಿಕೊಂಡಿರುವ ಸ್ಟೇಷನ್ನು ಅದು. ಅದೊಂದು ಜಂಕ್ಷನ್ ಅನ್ನುವುದು ಎಷ್ಟೋ ಜನ ಹೈದರಾಬಾದಿನವರಿಗೇ ಗೊತ್ತಿಲ್ಲ. ದೊಡ್ಡ ದೊಡ್ಡ ರೈಲುಗಳು ಅದರ ಮುಖವನ್ನೂ ನೋಡದೆ ಸಿಕಂದರಾಬಾದಿಗೆ ಓಡಿಬಿಡುತ್ತವೆ. ನಾನು ಮಾತ್ರ ಇಂದಿಗೂ ಆ ಕಡೆ ಹೋದರೆ ಹಬ್ಬದ ಪೇಟೆಗೆ ಬಂದ ಮಗುವಿನ ಹಾಗೆ ಸುತ್ತ ನೋಡುತ್ತ ನಿಂತುಬಿಡುತ್ತೇನೆ. ಜೊತೆಗಿದ್ದವರು ನಗುತ್ತಾರೆ. ನಗಲಿ.

ನಿಜಾಮರ ಕಾಲದಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಾಕಿದ ಹಳಿ ನಮ್ಮೂರಿನ ಮಗ್ಗುಲಲ್ಲೇ ಹಾದುಹೋಗುತ್ತದೆ. ಸೇಡಂ ದಾಟಿ ಸ್ವಲ್ಪ ದೂರ ಹೋದರೆ ಸ್ಟೇಷನ್ನಿನ ಬೋರ್ಡುಗಳ ಮೇಲಿಂದ ಕನ್ನಡ ಇಳಿದು ತೆಲುಗು ಏರುತ್ತದೆ. ಚಹಾ ಮಾರುವವನ ಕೂಗು ಬದಲಾಗುತ್ತದೆ. ಹಳಿ ಬದಲಾಗುವುದಿಲ್ಲ. ಅದೇ ಹಳಿ ಈ ಜಂಕ್ಷನ್ನಿಗೂ ಬರುತ್ತದೆ. ಹಿಂದೆ ಇಲ್ಲಿ ಇದ್ದದ್ದು ಒಂದು ಕಲ್ಲಿನ ಕೋಣೆ, ಒಂದು ಬೇವಿನ ಮರ, ಗಂಟೆಯ ಬದಲು ತೂಗುಹಾಕಿದ ಹಳಿಯ ತುಂಡು. ಸುತ್ತಲೂ ಬಂಡೆ ಮತ್ತು ಸೀತಾಫಲದ ಗಿಡ. ಆಮೇಲೆ ಬಾಲಾನಗರದಲ್ಲಿ ಕಾರ್ಖಾನೆಗಳು ಎದ್ದವು, ಜೀಡಿಮೆಟ್ಲಾದಲ್ಲಿ ಔಷಧಿಯ ಹೊಗೆ ಎದ್ದಿತು, ಗೂಡ್ಸ್ ರೈಲುಗಳು ಹೆಚ್ಚಿದವು. ಊರೊಳಗೆ ನುಗ್ಗದೆ ಊರನ್ನು ಬಳಸಿಕೊಂಡು ಹೋಗಲು ಇನ್ನೊಂದು ಹಳಿ ಇಲ್ಲಿಂದ ಕವಲೊಡೆಯಿತು. ಯಾವ ವರ್ಷ ಅನ್ನುವುದು ನನಗೆ ಗೊತ್ತಿಲ್ಲ. ಇಷ್ಟನ್ನೂ ನನಗೆ ಹೇಳಿದವರು ಕಾಕು; ನಮ್ಮ ಕಡೆ ಚಿಕ್ಕಮ್ಮನನ್ನು ಹಾಗೆ ಕರೆಯುತ್ತೇವೆ. ಅವರ ಮಾವ ಚಿತ್ತಾಪುರದ ಕಡೆಯಿಂದ ಈ ಹಳಿಯ ಕೆಲಸಕ್ಕೆಂದೇ ಬಂದು ಇಲ್ಲೇ ನೆಲೆ ನಿಂತವರು. ಕಾಕು ನನಗೆ ರಕ್ತಸಂಬಂಧಿಯಲ್ಲ. ಅವರು ನನಗೆ ಸಿಕ್ಕಿದ್ದೇ ಆ ಜಂಕ್ಷನ್ನಿನಲ್ಲಿ, ಅದೂ ಒಂದು ತಪ್ಪಿನಿಂದ.

ಆ ತಪ್ಪು ತಿಳಿಯಬೇಕಾದರೆ ನಮ್ಮ ಕಡೆಯವರು ಅಲ್ಲಿ ನಡೆಸುತ್ತಿದ್ದ ಒಂದು ಪದ್ಧತಿ ತಿಳಿದಿರಬೇಕು. ಬಾಲಾನಗರದ ಸುತ್ತ ನೆಲೆಸಿದ್ದ ಕನ್ನಡದ ಮನೆಗಳವರು ಹೆಣ್ಣು ನೋಡುವ ಶಾಸ್ತ್ರವನ್ನು ಈ ಸ್ಟೇಷನ್ನಿನಲ್ಲೇ ಮುಗಿಸುತ್ತಿದ್ದರು. ಹೆಣ್ಣಿನ ಕಡೆಯವರು ಊರಿಂದ ಪ್ಯಾಸೆಂಜರ್ ರೈಲಿನಲ್ಲಿ ಬಂದು ಇಳಿಯಬೇಕು, ಬೇವಿನ ಮರದ ಕೆಳಗೆ ಕೂರಬೇಕು, ಸಂಜೆಯ ರೈಲಿಗೆ ಹಿಂತಿರುಗಬೇಕು. ಮನೆಗೆ ಕರೆಸಿ ನೋಡಿ ಆಮೇಲೆ ಒಲ್ಲೆ ಅಂದರೆ ಕಾಲೊನಿಯೆಲ್ಲ ಗುಲ್ಲು. ಪ್ಲಾಟ್‌ಫಾರ್ಮಿನಲ್ಲಾದರೆ ಯಾರು ಯಾರನ್ನು ಒಲ್ಲೆ ಅಂದರೋ ರೈಲಿಗೂ ಗೊತ್ತಾಗುವುದಿಲ್ಲ. ಗಂಡಿನ ತಾಯಿ ಬುತ್ತಿ ತರಬೇಕು. ಉಂಡು ಮುಗಿಯುವವರೆಗೆ ಯಾರೂ ಹೆಸರು ಕೇಳಬಾರದು, ಮದುವೆಯ ಮಾತು ಎತ್ತಬಾರದು. ಅದನ್ನೆಲ್ಲ ಎತ್ತುವ ಹಕ್ಕು ನಡುವೆ ನಿಂತು ಮಾತು ಕೂಡಿಸುವ ಹಿರಿಯನದು. ತೋರಿಸಲು ಬಂದ ಹೆಣ್ಣಿನವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದರೆ ಆ ಮನೆಗೆ ಮತ್ತೆ ಯಾರೂ ಹೆಣ್ಣು ಕೊಡುವುದಿಲ್ಲ ಅನ್ನುವಷ್ಟು ಕಟ್ಟುನಿಟ್ಟು.

ನಮಗೆ ಇದು ಯಾವುದೂ ಗೊತ್ತಿರಲಿಲ್ಲ. ನಾನು ಮತ್ತು ಅಪ್ಪ ಆ ದಿನ ಬಂದದ್ದು ಬೇರೆ ಕೆಲಸಕ್ಕೆ. ಆಗ ಹೈದರಾಬಾದಿಗೆ ಕಂಪ್ಯೂಟರಿನ ಹುಚ್ಚು ಹಿಡಿದಿತ್ತು. ನಮ್ಮೂರ ಸ್ಟೇಷನ್ನಿನ ಗೋಡೆಯ ಮೇಲೂ ಅಮೀರ್‌ಪೇಟಿನ ಕೋರ್ಸುಗಳ ಚೀಟಿ ಅಂಟಿಸಿದ್ದರು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಅದನ್ನು ಓದಿ ಓದಿ ಬಾಯಿಪಾಠ ಮಾಡಿದ್ದೆ. ಅಪ್ಪ ಫರಸಿ ಕಲ್ಲಿನ ಖಣಿಯಲ್ಲಿ ದುಡಿದವರು. ಹಲಗೆಯ ಹಾಗೆ ತೆಳ್ಳಗೆ ಏಳುವ ನೀಲಿ ಬೂದು ಬಣ್ಣದ ಹಾಸುಗಲ್ಲನ್ನು ಎಬ್ಬಿಸಿ, ಅಂಚು ಕೊಯ್ದು, ಗೂಡ್ಸ್ ಡಬ್ಬಿಗೆ ತುಂಬಿಸುವುದು ಅವರ ಜೀವಮಾನದ ಕೆಲಸ. ಮಾತು ಕಡಿಮೆ. ನಾನು ತಿಂಗಳುಗಟ್ಟಲೆ ಗೋಗರೆದ ಮೇಲೆ, ಹೋಗಿ ನೋಡೋಣ, ಸರಿ ಕಂಡರೆ ಬಿಟ್ಟು ಬರುತ್ತೇನೆ, ಇಲ್ಲದಿದ್ದರೆ ಸಂಜೆಯ ಗಾಡಿಗೆ ಇಬ್ಬರೂ ವಾಪಸ್ಸು ಅಂದಿದ್ದರು. ಅವ್ವ ನನಗೆ ಹಾಸ್ಟೆಲಿನಲ್ಲಿ ತಿನ್ನಲು ದೊಡ್ಡ ಬುತ್ತಿ ಕಟ್ಟಿದ್ದಳು. ಒಣಗಿಸಿ ಗರಿಗರಿ ಮಾಡಿದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ಸಜ್ಜೆಯ ಉಂಡೆ.

ಸರಿ ಕಾಣಲಿಲ್ಲ. ಅಮೀರ್‌ಪೇಟಿನ ಇನ್‌ಸ್ಟಿಟ್ಯೂಟೇನೋ ಚೆನ್ನಾಗಿತ್ತು. ಮೆಟ್ಟಿಲ ಮೇಲೆಲ್ಲ ಹುಡುಗರು ಹುಡುಗಿಯರು ಕೂತು ಓದುತ್ತಿದ್ದರು. ಹಾಸ್ಟೆಲು ಮಾತ್ರ ಅಪ್ಪನ ಎದೆ ಒಡೆಯಿತು. ಕಿಟಕಿಯಿಲ್ಲದ ಕೋಣೆಯಲ್ಲಿ ಮಂಚದ ಮೇಲೆ ಮಂಚ ಜೋಡಿಸಿ, ನಡುವೆ ಹಗ್ಗಕ್ಕೆ ಒದ್ದೆ ಬಟ್ಟೆ ಹರವಿದ್ದರು. ಅಪ್ಪ ಬಾಗಿಲಲ್ಲೇ ನಿಂತು ನೋಡಿ, ನನ್ನ ಚೀಲವನ್ನು ಕೆಳಗಿಡದೆ ಹಾಗೇ ಹೆಗಲಿಗೇರಿಸಿಕೊಂಡು ಹೊರಬಂದರು. ಜಂಕ್ಷನ್ನಿಗೆ ಬಂದು ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂತೆವು. ಸಂಜೆಯ ಗಾಡಿಗೆ ಇನ್ನೂ ಬಹಳ ಹೊತ್ತಿತ್ತು. ನನ್ನ ಕಥೆ ಮುಗಿಯಿತು ಅಂತ ನಾನು ಕಣ್ಣೀರು ತಡೆದುಕೊಂಡು ಹಳಿ ನೋಡುತ್ತಿದ್ದೆ.

ಆ ದುಃಖದ ನಡುವೆಯೂ ಕಣ್ಣು ಕೀಳಲಾಗಲಿಲ್ಲ ಅನ್ನುವುದು ನಿಜ. ನಮ್ಮೂರಲ್ಲಿ ಹಳಿ ಅಂದರೆ ಆ ತುದಿಯಿಂದ ಈ ತುದಿಗೆ ನೇರ ಹೋಗುವಂಥದ್ದು. ಇಲ್ಲಿ ಒಂದು ಎರಡಾಗುತ್ತಿತ್ತು, ಎರಡು ನಾಲ್ಕಾಗುತ್ತಿತ್ತು, ಮತ್ತೆ ಕೂಡುತ್ತಿತ್ತು. ಕವಲಿನಲ್ಲಿ ಚೂಪಾದ ಕಬ್ಬಿಣದ ತುದಿಯೊಂದು ಯಾರೂ ಮುಟ್ಟದೆ ತಾನಾಗಿ ನಾಲ್ಕು ಬೆರಳು ಸರಿಯಿತು. ಅಷ್ಟಕ್ಕೇ ಹಿಂದೆ ಬರುತ್ತಿದ್ದ ಗೂಡ್ಸ್ ರೈಲು ತನ್ನ ದಾರಿ ಬಿಟ್ಟು ನಮ್ಮ ಮುಂದಿನ ಹಳಿಗೆ ಬಂತು. ಕಲ್ಲಿದ್ದಲು ತುಂಬಿದ ಡಬ್ಬಿಗಳು ಮುಗಿಯುವುದೇ ಇಲ್ಲವೇನೋ ಅನ್ನುವ ಹಾಗೆ ಬಂದು ಬಂದು, ಎದುರಿನ ಪ್ಲಾಟ್‌ಫಾರ್ಮನ್ನು ಪೂರ್ತಿ ಮುಚ್ಚಿ ನಿಂತವು. ಕವಲು ಹಳಿ ಖಾಲಿಯಾಗುವವರೆಗೆ ಅದು ಅಲ್ಲೇ ಕಾಯಬೇಕಂತೆ.

ಅಪ್ಪ ಯಾವುದೋ ಹೊತ್ತಿನಲ್ಲಿ ಚಪ್ಪಲಿ ಬಿಟ್ಟಿದ್ದರು. ಪಾದವನ್ನು ನೆಲಕ್ಕೆ ಒತ್ತಿ, ಎತ್ತಿ, ಮತ್ತೆ ಒತ್ತಿ ನೋಡಿದರು. ಆಮೇಲೆ ಬಗ್ಗಿ ಅಂಗೈಯಿಂದ ಧೂಳು ಸರಿಸಿದರು.

"ಇದು ನಮ್ ಕಡಿ ಕಲ್ಲವಾ," ಅಂದರು.

ನಾನೂ ಬಗ್ಗಿದೆ. ಹೌದು, ಅದೇ ನೀಲಿ ಬೂದು, ಅದೇ ತಂಪು. ನಮ್ಮ ಮನೆಯ ಪಡಸಾಲೆಯದ್ದೇ ಕಲ್ಲು. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಯವರೆಗೆ ಅದನ್ನೇ ಹಾಸಿದ್ದರು. ಜನ ತುಳಿದು ತುಳಿದು ನಡುಭಾಗ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅಪ್ಪನ ಖಣಿಯದ್ದೇ ಅಂತ ಹೇಳಲಾಗದು, ನಮ್ಮ ಸೀಮೆಯಲ್ಲಿ ಖಣಿಗಳು ಬೇಕಾದಷ್ಟಿವೆ. ಆದರೆ ಅಪ್ಪ ತುಂಬಿಸಿದ ಡಬ್ಬಿಗಳು ಈ ಹಳಿಯ ಮೇಲೇ ಬಂದಿದ್ದವು. ಅವು ಎಲ್ಲಿಗೆ ಹೋಗುತ್ತವೆ ಅಂತ ಅಪ್ಪ ಒಮ್ಮೆಯೂ ಕೇಳಿದವರಲ್ಲ. ಈಗ ಆ ಹಾಸನ್ನೇ ನೋಡುತ್ತ, ಜಾತ್ರೆಯಲ್ಲಿ ಕಳೆದ ಮಗು ದೊಡ್ಡದಾಗಿ ಎದುರು ಬಂದ ಹಾಗೆ ಕೂತಿದ್ದರು.

ಆಗಲೇ ಕಾಕು ಬಂದದ್ದು. ದಪ್ಪ ಅಂಚಿನ ಇಳಕಲ್ ಸೀರೆ, ಹಣೆಯ ಮೇಲೆ ಕಾಸಗಲ ಕುಂಕುಮ, ಕೈಯಲ್ಲಿ ಬಿಳಿ ಬಟ್ಟೆ ಕಟ್ಟಿದ ಬುತ್ತಿ. ನಮ್ಮ ಕನ್ನಡ ಕಿವಿಗೆ ಬಿದ್ದದ್ದೇ ತಡ, ಮುಖ ಅರಳಿಸಿಕೊಂಡು ಬಂದು ಪಕ್ಕದಲ್ಲೇ ಕೂತರು. ತೆಲುಗು, ಹಿಂದಿ, ಉರ್ದು ಬಿಟ್ಟು ಬೇರೇನೂ ಕೇಳದ ಆ ಸ್ಟೇಷನ್ನಿನಲ್ಲಿ, ಬೇವಿನ ಮರದ ಕೆಳಗೆ, ವಯಸ್ಸಿಗೆ ಬಂದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಬ್ಬ ತಂದೆ ಸೇಡಂ ಕಡೆಯ ಕನ್ನಡ ಮಾತಾಡುತ್ತಿದ್ದರೆ ಅವರು ತಮ್ಮ ಬೀಗರಲ್ಲದೆ ಇನ್ಯಾರಾಗಬೇಕು? ಹೆಸರು ಕೇಳುವಂತಿಲ್ಲ. ಕೇಳಲೂ ಇಲ್ಲ. ಮಧ್ಯಾಹ್ನದ ಗಾಡಿಗೆ ಬಂದಿರಾ ಅಂದರು. ಅಪ್ಪ, ಇಲ್ಲ, ಬೆಳಗಿನ ಗಾಡಿಗೇ ಬಂದೆವು ಅಂದರು. ಅಷ್ಟು ಮೊದಲೇ ಬಂದು ಕೂತಿದ್ದಾರಲ್ಲ ಅಂತ ಕಾಕುವಿಗೆ ನಮ್ಮ ಮೇಲೆ ಇನ್ನಷ್ಟು ಗೌರವ ಬಂತು.

ಬುತ್ತಿ ಬಿಚ್ಚಿದರು. ಮೆತ್ತನೆಯ ರೊಟ್ಟಿ, ಎಣ್ಣೆಗಾಯಿ, ಮೊಸರು, ಹೋಳಿಗೆ. ಅಪ್ಪ ಸಂಕೋಚದಿಂದ ಒಲ್ಲೆ ಅಂದಷ್ಟೂ ಬಡಿಸಿದರು. ಪರಊರಿನಲ್ಲಿ ನಮ್ಮ ಭಾಷೆಯ ಹೆಂಗಸು ಇಷ್ಟು ಪ್ರೀತಿ ತೋರಿಸುತ್ತಾರಲ್ಲ ಅಂತ ಅಪ್ಪನಿಗೆ ಬೆರಗು. ನನಗೂ ಬೆರಗು, ಆದರೆ ಸ್ವಲ್ಪ ಬೇರೆ ಥರದ್ದು. ಈ ಹೆಂಗಸು ನನ್ನನ್ನು ನಲ್ಲಿಯ ತನಕ ನಡೆಸಿ ನೀರು ತರಿಸಿದರು. ಬೋರ್ಡಿನ ಮೇಲಿನ ಸಣ್ಣ ಅಕ್ಷರ ಓದಿಸಿದರು. ಅಂಗೈ ತಿರುಗಿಸಿ ನೋಡಿ ರೊಟ್ಟಿ ಬಡಿಯಲು ಬರುತ್ತದೆಯೇ ಅಂದರು. ದೊಡ್ಡ ಊರಿನ ಹೆಂಗಸರಿಗೆ ಹೊತ್ತು ಹೋಗುವುದಿಲ್ಲ ಅಂದುಕೊಂಡೆ.

ಹೊಟ್ಟೆ ತುಂಬುತ್ತ ಬಂದಂತೆ ಅಪ್ಪನ ಬಾಯಿ ಬಿಚ್ಚಿತು. ಮಗಳು ಕಂಪ್ಯೂಟರ್ ಕಲಿಯಬೇಕು ಅನ್ನುತ್ತಾಳೆ, ನನಗೂ ಕಲಿಸುವ ಆಸೆಯಿದೆ, ಹಾಸ್ಟೆಲು ನೋಡಿದರೆ ಜೀವ ಒಪ್ಪುತ್ತಿಲ್ಲ ಅಂತ ಎಲ್ಲವನ್ನೂ ಹೇಳಿದರು. ಮದುವೆಗೆ ಮುಂಚೆ ಹೆಣ್ಣಿನ ಕಡೆಯವರು ಹಾಕುವ ಷರತ್ತು ಅಂತ ಕಾಕು ಅದನ್ನು ಕೇಳಿಸಿಕೊಂಡರು. ಹಿಂದುಮುಂದು ನೋಡಲಿಲ್ಲ.

"ಕಲೀಲಿ ಬಿಡ್ರಿ ಅಣ್ಣಾರ. ಹಾಸ್ಟೆಲ್ ಯಾಕ ಬೇಕು? ನಮ್ ಮನ್ಯಾಗ ಇದ್ದು ಕಲೀಲಿ."

ಅಪ್ಪ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವರನ್ನು ನೋಡಿದರು. ಊಟ ಕೊಟ್ಟದ್ದಲ್ಲದೆ ಮನೆಯನ್ನೂ ಕೊಡುವ ಈ ಹೆಂಗಸು ಯಾರು? ಕಾಕು ತಮ್ಮ ಮನೆಯ ಪರಿಚಯ ಹೇಳುತ್ತ ಹೋದರು. ಬಾಲಾನಗರದಲ್ಲಿ ಎರಡು ಕೋಣೆಯ ಮನೆ, ಗಂಡನಿಗೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಕಾಲೇಜಿಗೆ ಹೋಗುವ ಮಗಳೊಬ್ಬಳು. ಮಗ ಸಾಫ್ಟ್‌ವೇರ್ ಕಂಪನಿಯಲ್ಲಿದ್ದು ಆಫೀಸಿನ ಹತ್ತಿರವೇ ಗೆಳೆಯರ ಜೊತೆ ಇದ್ದಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಇವತ್ತು ಲೋಕಲ್ ರೈಲಿಗೆ ಇಲ್ಲಿಗೇ ಬರುತ್ತಾನೆ ಅಂತ ನನ್ನ ಕಡೆ ನೋಡಿ ನಕ್ಕರು. ಅವರ ಮಗ ಬಂದರೆ ನನಗೇನು ಅಂತ ನನಗೆ ಅರ್ಥವಾಗಲಿಲ್ಲ.

ಅಷ್ಟರಲ್ಲಿ ಗೂಡ್ಸ್ ರೈಲು ಮೈಮುರಿದು ಹೊರಟಿತು. ಡಬ್ಬಿಯ ಹಿಂದೆ ಡಬ್ಬಿ ಸರಿದು, ಕೊನೆಯದೂ ಸರಿದಾಗ, ಎದುರಿನ ಪ್ಲಾಟ್‌ಫಾರ್ಮು ನಾಟಕದ ಪರದೆ ಎತ್ತಿದ ಹಾಗೆ ಕಂಡಿತು. ಅಲ್ಲಿ ಸಾಲಾಗಿ ಕೂತಿದ್ದರು: ಒಬ್ಬ ತಂದೆ, ಒಬ್ಬ ತಾಯಿ, ನಡುವೆ ಹೊಸ ರೇಷ್ಮೆ ಸೀರೆಯುಟ್ಟು ತಲೆ ತಗ್ಗಿಸಿದ ಒಬ್ಬಳು ಹುಡುಗಿ. ನಮ್ಮ ಮುಂದಿನ ಹಳಿಯನ್ನು ಗೂಡ್ಸ್ ಹಿಡಿದುಕೊಂಡಿದ್ದರಿಂದ ಮಧ್ಯಾಹ್ನದ ಪ್ಯಾಸೆಂಜರನ್ನು ಆಚೆ ಬದಿಗೆ ತಂದಿದ್ದರು. ಇಳಿದಲ್ಲೇ ಕೂತಿರಿ, ನಾನು ಬರುತ್ತೇನೆ ಅಂತ ಹಿರಿಯ ಹೇಳಿದ್ದರಂತೆ, ಅವರು ಕೂತೇ ಇದ್ದರು. ಹಸಿದ ಮುಖಗಳು ನಮ್ಮ ಖಾಲಿ ಬುತ್ತಿಯನ್ನೇ ನೋಡುತ್ತಿದ್ದವು. ಕಾಕು ಅವರನ್ನು ನೋಡಿದರು, ನಮ್ಮನ್ನು ನೋಡಿದರು, ಬಟ್ಟೆಯ ಮೇಲೆ ಉಳಿದಿದ್ದ ಅರ್ಧ ಹೋಳಿಗೆಯನ್ನು ನೋಡಿದರು. ಮೊದಲ ಬಾರಿಗೆ ಅವರು ಅಪ್ಪನಿಗೆ, ನೀವು ಯಾರು ಅಂತ ಕೇಳಿದರು.

ಅಪ್ಪ ಹೇಳಿದರು. ಕಾಕು ತಲೆಯ ಮೇಲೆ ಸೆರಗೆಳೆದುಕೊಂಡು ಹಾಗೇ ಕೂತುಬಿಟ್ಟರು. ಮಗನಿಗೆ ಹೆಣ್ಣು ಹುಡುಕಿ ಹುಡುಕಿ ಕೊನೆಗೆ ಕೂಡಿಬಂದ ಮಾತಂತೆ ಅದು. ಈಗ ಹೆಣ್ಣಿನ ಕಡೆಯವರ ಊಟ ಬೇರೆಯವರ ಹೊಟ್ಟೆಯಲ್ಲಿತ್ತು. ಆ ಬೇರೆಯವರು ನಾವು. ನನಗೆ ನಗು ಬಂತು, ನಾಚಿಕೆಯೂ ಬಂತು, ನಲ್ಲಿಯ ತನಕ ನಡೆದದ್ದು ನೆನಪಾಗಿ ಮೈಯೆಲ್ಲ ಬಿಸಿಯಾಯಿತು.

ಅಪ್ಪ ಎದ್ದರು. ನನ್ನ ಚೀಲದಿಂದ ಅವ್ವ ಕಟ್ಟಿದ ಬುತ್ತಿ ತೆಗೆದು ಕಾಕುವಿನ ಮಡಿಲಲ್ಲಿಟ್ಟು, ಇದನ್ನು ನಿಮ್ಮ ಕೈಯಿಂದಲೇ ಬಡಿಸಿ ಅಂದರು. ಕಾಕು ಬೇಡ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಅವ್ವನ ಗಂಟು ಹಾಗೆ ಕೈದಾಟಿದಾಗ ನನಗೆ ಖಾತ್ರಿಯಾಯಿತು, ಇನ್ನು ಊರಿಗೆ ವಾಪಸ್ಸೇ. ಈ ಊರಿನಲ್ಲಿ ಇರಲು ಅಂತ ತಂದಿದ್ದ ಅನ್ನವೂ ಹೋಯಿತು. ಮನೆಯಲ್ಲಿ ಇದ್ದು ಕಲಿ ಅಂದ ಮಾತು ಸೊಸೆಗೆ ಹೇಳಿದ ಮಾತು, ನನಗೆ ಹೇಳಿದ್ದಲ್ಲ.

ಆಗ ಲೋಕಲ್ ರೈಲು ಬಂತು. ಆ ರೈಲುಗಳು ಶುರುವಾಗಿ ಹೆಚ್ಚು ಕಾಲವಾಗಿರಲಿಲ್ಲ. ಹೈಟೆಕ್ ಸಿಟಿಯ ಕಡೆಯಿಂದ ಬಂದು ನಮ್ಮ ಮುಂದೆ ನಿಂತಿತು, ಹೆಂಗಸರ ಡಬ್ಬಿಯಿಂದ ಹುಡುಗಿಯರು ಇಳಿಯತೊಡಗಿದರು. ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಕೊರಳಲ್ಲಿ ಆಫೀಸಿನ ಕಾರ್ಡು, ಹೆಗಲಲ್ಲಿ ಚೀಲ, ಒಬ್ಬೊಬ್ಬರದೂ ಬಿರುಸಿನ ಹೆಜ್ಜೆ. ನಾನು ಅಷ್ಟು ಹೆಣ್ಣುಮಕ್ಕಳನ್ನು ಒಟ್ಟಿಗೆ ನೋಡಿದ್ದು ಮದುವೆ ಮನೆಗಳಲ್ಲಿ ಮಾತ್ರ. ಅಲ್ಲಿ ಪ್ರತಿಯೊಬ್ಬಳ ಜೊತೆಗೂ ಯಾರೋ ಇರುತ್ತಾರೆ. ಇಲ್ಲಿ ಯಾರ ಜೊತೆಗೂ ಯಾರೂ ಇರಲಿಲ್ಲ, ಯಾರೂ ಯಾರನ್ನೂ ತಿರುಗಿ ನೋಡುತ್ತಲೂ ಇರಲಿಲ್ಲ. ಬೇವಿನ ಮರದ ಎರಡೂ ಬದಿಗೆ ಹೊಳೆಯಂತೆ ಹರಿದು ಹೊರಟುಹೋದರು. ನಾನು ಅವರ ಮುಖ ನೋಡುತ್ತಿದ್ದೆ. ಅಪ್ಪ ಅವರ ಕಾಲು ನೋಡುತ್ತಿದ್ದರು. ಅಷ್ಟು ಕಾಲುಗಳು ಆ ಕಲ್ಲುಗಳ ಮೇಲೆ ಟಪಟಪ ಬಿದ್ದು ಹೋದವು, ಒಂದು ಕಲ್ಲೂ ಅಲುಗಲಿಲ್ಲ. ಅಪ್ಪನ ಮುಖದಲ್ಲಿ ಅಂಥ ಬೆಳಕನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಅದೇ ರೈಲಿನಿಂದ ಹಿರಿಯನೂ ಕಾಕುವಿನ ಮಗನೂ ಇಳಿದರು. ನಡೆದದ್ದನ್ನು ಕೇಳಿ ಹಿರಿಯ ಹಣೆ ಹಣೆ ಚಚ್ಚಿಕೊಂಡರು, ಮಗ ಬಾಯಿಗೆ ಕರ್ಚೀಫು ಒತ್ತಿ ನಗು ತಡೆದ. ಎಲ್ಲರೂ ಆಚೆ ಪ್ಲಾಟ್‌ಫಾರ್ಮಿಗೆ ಹೋದರು. ಅವ್ವನ ಕಟಕ ರೊಟ್ಟಿ ಕರಕರ ಮುರಿಯುವ ಸದ್ದು ನಮಗೆ ಕೇಳಿಸಿತೋ ಇಲ್ಲವೋ, ಕೇಳಿಸಿದ ಹಾಗೆ ನನಗೆ ಅನ್ನಿಸುತ್ತದೆ. ಆ ಹುಡುಗಿ ತಲೆ ಎತ್ತಿದಳು. ಮಗ ಏನೋ ಅಂದ. ಹಿರಿಯ ಎರಡೂ ಕೈ ಎತ್ತಿ ಕಾಕುವಿನ ಕಡೆ ನೋಡಿದಾಗ, ಇಷ್ಟು ದೂರದಿಂದಲೂ, ಕೂಡಿಬಂತು ಅನ್ನುವುದು ಗೊತ್ತಾಯಿತು. ನಮ್ಮ ಬುತ್ತಿ ವ್ಯರ್ಥವಾಗಲಿಲ್ಲ.

ನಮ್ಮ ಗಾಡಿಯ ಗಂಟೆ ಬಾರಿಸಿದಾಗ ಕಾಕು ಏದುಸಿರು ಬಿಡುತ್ತ ವಾಪಸ್ಸು ಬಂದರು. ನೇರವಾಗಿ ನನ್ನ ಚೀಲದ ಮೇಲೆ ಕೈಯಿಟ್ಟರು. ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆ ಅಂದರು.

ಅಪ್ಪ ಕೈ ಮುಗಿದರು. "ಅಕ್ಕಾರ, ನೀವು ಯಾರೋ ಅಂತ ತಿಳಕೊಂಡು ಆಡಿದ ಮಾತದು. ಅದನ್ನ ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

"ಹೌದ್ರಿ, ತಿಳೀದ ಆಡಿದ್ದ," ಅಂದರು ಕಾಕು. "ಆದ್ರ ಈ ಹುಡುಗಿ ಮಾರಿ ನೋಡಿ ಆಡೀನಿ. ಸೊಸಿ ಆಗಲಿಲ್ಲ ಅಂದ್ರ ನನ್ನ ಮಾತು ಸುಳ್ಳ ಆಗ್ತೈತೇನ್ರಿ?"

ಗಾಡಿ ಬಂತು. ಅಪ್ಪ ಬಾಗಿಲ ಕಂಬಿ ಹಿಡಿದು ಹತ್ತಿದರು. ನಾನು ಚೀಲ ಎತ್ತಿ ಅವರ ಕಡೆ ಚಾಚಿದೆ. ಅವರು ಕೈ ಚಾಚಿದರು, ಆದರೆ ಚೀಲಕ್ಕಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟರು, ಆಮೇಲೆ ಚೀಲವನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು.

ಕಾಕುವಿನ ಮನೆಯಲ್ಲಿ ನಾನು ಕೋರ್ಸು ಮುಗಿಸಿದೆ, ನೌಕರಿ ಹಿಡಿದೆ, ಅದೇ ಲೋಕಲ್ ರೈಲಿನಿಂದ ಅದೇ ಕಲ್ಲುಗಳ ಮೇಲೆ ಇಳಿಯುವ ಹುಡುಗಿಯರಲ್ಲಿ ಒಬ್ಬಳಾದೆ. ಆ ರೇಷ್ಮೆ ಸೀರೆಯ ಹುಡುಗಿ ಸೊಸೆಯಾಗಿ ಬಂದು, ನನ್ನ ಹೋಳಿಗೆ ನೀನು ತಿಂದೆ ಅಂತ ಇಂದಿಗೂ ನನ್ನನ್ನು ರೇಗಿಸುತ್ತಾಳೆ. ಪ್ಲಾಟ್‌ಫಾರ್ಮು ಎತ್ತರಿಸಿದಾಗ ಕಲ್ಲುಗಳನ್ನು ಕೀಳಲಿಲ್ಲ, ಮೇಲೆ ಮಣ್ಣು ತುಂಬಿ ಕಾಂಕ್ರೀಟು ಹಾಕಿದರು. ಹಾಗಾಗಿ ಅವು ಇನ್ನೂ ಅಡಿಯಲ್ಲೇ ಇವೆ. ನಾನು ನಿಂತು ನೋಡುವುದು ಅವನ್ನೇ.

ಆ ಸಂಜೆ ಗಾಡಿ ಅಲುಗಿದಾಗ ಅಪ್ಪ ಕಿಟಕಿಗೆ ಬಂದು ಕೂತರು. ಕಣ್ಣುಗಳು ಕೆಂಪಾಗಿದ್ದವು.

"ಮನಿ ನೆನಪಾದ್ರ," ಅಂದರು, "ಇಲ್ಲಿ ಬಂದು ಚಪ್ಲಿ ಬಿಟ್ಟು ನಿಂದ್ರವಾ."

ಗಾಡಿ ಕವಲು ದಾಟಿ ನಮ್ಮೂರಿನ ಹಳಿ ಹಿಡಿಯಿತು. ಅದರ ಕೊನೆಯ ಡಬ್ಬಿ ಕಣ್ಮರೆಯಾಗುವವರೆಗೂ ಕಾಯಲು ನನ್ನಿಂದ ಆಗಲಿಲ್ಲ, ಆಗಲೇ ಮನೆ ನೆನಪಾಗಿತ್ತು. ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ನಿಂತೆ. ಕಾಕು ನನ್ನ ಪಾದ ನೋಡಿದರು. ತಾವೂ ಚಪ್ಪಲಿ ಬಿಟ್ಟು ನನ್ನ ಪಕ್ಕದಲ್ಲಿ ನಿಂತರು.